ತನ್ನ ಬೆಳಕನ್ನೇ ನಂದಿಸಿಕೊಂಡ ಕಣ್ಣು

ಬಿಸಿ ಇರುವುದೆಲ್ಲ ಬೆಳಗುತ್ತದೆ. ಒಲೆಯ ಕೆಂಡವಷ್ಟೇ ಅಲ್ಲ, ಗೋಡೆ, ಮೇಜು, ನೀರಿನ ಲೋಟ, ಈ ಸಾಲು ಓದುತ್ತಿರುವ ನಿಮ್ಮ ಮುಖ, ಎಲ್ಲವೂ. ಮನುಷ್ಯನ ಮೈ ಅತಿ ಹೆಚ್ಚು ಬೆಳಗುವುದು ಒಂಬತ್ತೂವರೆ ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ. ನಮ್ಮ ಕಣ್ಣಿಗೆ ಎಟುಕುವ ಕಡುಗೆಂಪಿಗಿಂತ ಅದು ಹದಿಮೂರು ಪಟ್ಟು ಉದ್ದ. ಹಾಗಾಗಿ ಆ ಬೆಳಕು ನಮಗೆ ಕಾಣುವುದಿಲ್ಲ. ಕಾಣುವಂತಿದ್ದರೆ ಕತ್ತಲೆ ಅಂದರೇನು ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಮೈ ಉರಿಯುತ್ತಿತ್ತು, ಕಣ್ಣುಗುಡ್ಡೆಯೊಳಗಿನ ದ್ರವವೇ ಹೊಳೆಯುತ್ತಿತ್ತು. ನಮ್ಮ ಮೈಯ ಬೆಳಕಿಗೆ ನಾವು ಕುರುಡರಾಗಿರುವುದರಿಂದಲೇ ರಾತ್ರಿ ತಲೆ ಎತ್ತಿದಾಗ ನಕ್ಷತ್ರಗಳು ಕಾಣುತ್ತವೆ.

ಈಗ, ಆ ಕಾಣದ ಬೆಳಕನ್ನೇ ನೋಡುವ ಕಣ್ಣೊಂದನ್ನು ಮಾಡಲು ಹೊರಟವರ ಕಷ್ಟವನ್ನು ಯೋಚಿಸಿ. ಕನ್ನಡಿ ಬೆಳಗುತ್ತದೆ. ಕನ್ನಡಿಯನ್ನು ಹಿಡಿದ ಚೌಕಟ್ಟು ಬೆಳಗುತ್ತದೆ. ಬೆಳಕನ್ನು ಹಿಡಿಯಬೇಕಾದ ಡಿಟೆಕ್ಟರ್ ತಾನೂ ಬೆಳಗುತ್ತದೆ. ಡಿಟೆಕ್ಟರನ್ನು ಓದುವ ಚಿಪ್‌ನಲ್ಲಿ ಕರೆಂಟ್ ಹರಿದ ಕೂಡಲೇ ಅದೂ ಒಂದಿಷ್ಟು ಬಿಸಿಯಾಗುತ್ತದೆ. ಕೋಟ್ಯಂತರ ಜ್ಯೋತಿರ್ವರ್ಷ ದೂರದಿಂದ ಒಂದೊಂದಾಗಿ ಬರುವ ಫೋಟಾನುಗಳನ್ನು ಈ ಸ್ವಂತ ಬೆಳಕಿನ ನಡುವೆ ಗುರುತು ಹಿಡಿಯಬೇಕು. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ಎಲ್ಲರಂತೆ ನಾನೂ ಅವುಗಳ ಬಣ್ಣಕ್ಕೆ ಮರುಳಾಗುತ್ತೇನೆ. ಆದರೆ ಸ್ವಲ್ಪ ಹೊತ್ತಿಗೆ ಮನಸ್ಸು ಕನ್ನಡಿಯ ಹಿಂದಕ್ಕೆ ಹೋಗಿಬಿಡುತ್ತದೆ. ಅಲ್ಲಿ, ಯಾವ ಚಿತ್ರದಲ್ಲೂ ಕಾಣಿಸಿಕೊಳ್ಳದ ಕತ್ತಲೆಯಲ್ಲಿ, ಹೆಚ್ಚುಕಡಿಮೆ ಒಂದೂವರೆ ಅಂಗುಲ ಅಗಲದ ಒಂದು ಚೌಕ ಬಿಲ್ಲೆ ಕೂತಿದೆ. ನನ್ನ ಪಾಲಿಗೆ ದೊಡ್ಡ ಬೆರಗು ಅದೇ.

ಈ ಕಥೆ ಶುರುವಾದದ್ದು 1800ರಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದು ಆಗಲೇ ಹೆಸರಾಗಿದ್ದ ವಿಲಿಯಂ ಹರ್ಷೆಲ್ ಇಂಗ್ಲೆಂಡಿನಲ್ಲಿ ಸೂರ್ಯನ ಬಿಸಿಲನ್ನು ಗಾಜಿನ ಪಟ್ಟಕದಿಂದ ಹಾಯಿಸಿ, ಬಿಚ್ಚಿಕೊಂಡ ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಥರ್ಮಾಮೀಟರಿನ ಬುರುಡೆಗೆ ಕಪ್ಪು ಬಳಿದಿದ್ದ. ನೇರಳೆಯಿಂದ ಕೆಂಪಿನತ್ತ ಹೋದಂತೆ ಬಿಸಿ ಏರಿತು. ಕೆಂಪನ್ನು ದಾಟಿ, ಬಣ್ಣವೇ ಇಲ್ಲದ ಜಾಗದಲ್ಲಿಟ್ಟರೆ ಇನ್ನೂ ಏರಿತು. ಕೆಂಪಿನಾಚೆಯ ಆ ಕಾಣದ ಬೆಳಕೇ ಅವಕೆಂಪು. ಪಠ್ಯಪುಸ್ತಕಗಳು ಇಲ್ಲಿಗೆ ಮುಗಿಸಿಬಿಡುತ್ತವೆ. ಆತ ಇನ್ನೊಂದು ಕೆಲಸ ಮಾಡಿದ್ದ, ನನಗೆ ಅದರ ಮೇಲೇ ಹೆಚ್ಚು ಗೌರವ. ಒಂದು ಥರ್ಮಾಮೀಟರನ್ನು ಬೆಳಕಿನಲ್ಲಿಟ್ಟಾಗ ಇನ್ನೆರಡನ್ನು ಬೆಳಕು ಬೀಳದ ಕಡೆ ಪಕ್ಕದಲ್ಲೇ ಇಟ್ಟಿದ್ದ. ಕೋಣೆ ತಾನಾಗಿ ಎಷ್ಟು ಬಿಸಿಯಾಗುತ್ತಿದೆ ಅಂತ ಹೇಳುವುದಷ್ಟೇ ಅವುಗಳ ಕೆಲಸ. ಏನನ್ನೂ ನೋಡದೆ ಸುಮ್ಮನೆ ಕೂರುವ ಆ ಜೋಡಿಯಿಂದಾಗಿ ಮೂರನೆಯದರ ಮಾತು ನಂಬಲು ಯೋಗ್ಯವಾಯಿತು. ಆ ಜೋಡಿಯ ವಂಶ ಮುಂದುವರಿದಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಫೋನಿನ ಕ್ಯಾಮೆರಾದ ಸಿಲಿಕಾನ್ ಈ ಕೆಲಸಕ್ಕೆ ಒದಗುವುದಿಲ್ಲ. 1.1 ಮೈಕ್ರಾನ್ ದಾಟಿದ ಬೆಳಕು ಸಿಲಿಕಾನ್‌ನ ಮೂಲಕ ಸುಮ್ಮನೆ ಹಾದುಹೋಗುತ್ತದೆ, ಅದರಲ್ಲಿ ಇಲೆಕ್ಟ್ರಾನನ್ನು ಎಬ್ಬಿಸುವಷ್ಟು ಕಸುವು ಉಳಿದಿರುವುದಿಲ್ಲ. 1959ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರೇಡಾರ್ ಸಂಶೋಧನಾಲಯದವರು ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಸೇರಿದ ಒಂದು ಹರಳಿನ ಬಗ್ಗೆ ಬರೆದರು. ಪಾದರಸ ಹೆಚ್ಚಿಸಿದರೆ ಅದು ಉದ್ದ ತರಂಗಗಳತ್ತ ತೆರೆದುಕೊಳ್ಳುತ್ತದೆ, ಕಡಿಮೆ ಮಾಡಿದರೆ ಗಿಡ್ಡ ತರಂಗಗಳಿಗೆ ನಿಲ್ಲುತ್ತದೆ. ಯಾವ ಬೆಳಕು ಬೇಕೋ ಅದಕ್ಕೆ ತಕ್ಕ ಹದ. ಈ ಹರಳಿನ ಹಿಂದಿದ್ದ ಆಸೆ ನಕ್ಷತ್ರಗಳದ್ದಲ್ಲ, ರಾತ್ರಿಯಲ್ಲಿ ಶತ್ರುವಿನ ಬಿಸಿಯನ್ನು ಕಾಣಬೇಕೆಂಬ ಸೈನ್ಯದ ಆಸೆ. ಅದೇ ಹರಳು ಇಂದು ವೆಬ್‌ನ ನಾಲ್ಕು ಉಪಕರಣಗಳಲ್ಲಿ ಮೂರರ ಕಣ್ಣು. ಅಂಥ 15 ಡಿಟೆಕ್ಟರುಗಳಿವೆ, ಒಂದೊಂದರಲ್ಲೂ 2048 ಸಾಲು, ಸಾಲಿಗೆ 2048 ಪಿಕ್ಸೆಲ್. ನಾಲ್ಕನೆಯದಾದ ಮಿರಿ ಉಪಕರಣ ಇನ್ನೂ ಉದ್ದದ, 5ರಿಂದ 28 ಮೈಕ್ರಾನ್ ತನಕದ ಬೆಳಕನ್ನು ನೋಡುತ್ತದೆ. ಅದಕ್ಕೆ ಆರ್ಸೆನಿಕ್ ಬೆರೆಸಿದ ಸಿಲಿಕಾನ್ ಬೇಕು.

ಹರಳು ಸಿಕ್ಕಿತು. ಇನ್ನು ಅದನ್ನು ತಣಿಸಬೇಕು. ಒಂದು ಫೋಟಾನ್ ಬಂದು ಇಲೆಕ್ಟ್ರಾನನ್ನು ಎಬ್ಬಿಸುವಂತೆ ಹರಳಿನ ಸ್ವಂತ ಬಿಸಿಯೂ ಎಬ್ಬಿಸುತ್ತದೆ. ಎದ್ದು ಬಂದ ಇಲೆಕ್ಟ್ರಾನಿನ ಮೇಲೆ ಅದನ್ನು ಎಬ್ಬಿಸಿದ್ದು ನಕ್ಷತ್ರವೋ ಬಿಸಿಯೋ ಅಂತ ಬರೆದಿರುವುದಿಲ್ಲ. ಬಿಸಿಯನ್ನು ಇಳಿಸುವುದೊಂದೇ ದಾರಿ. 2021ರ ಡಿಸೆಂಬರ್ 25ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹೊರಟ ವೆಬ್, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಟೆನಿಸ್ ಅಂಗಳದಷ್ಟು ದೊಡ್ಡ ಐದು ಪದರದ ಮರೆಯನ್ನು ಸೂರ್ಯನಿಗೆ ಅಡ್ಡ ಹಿಡಿದು ನಿಂತಿದೆ. ಮರೆಯ ಹಿಂದೆ ಉಷ್ಣತೆ ಸುಮಾರು 40 ಕೆಲ್ವಿನ್, ಅಂದರೆ ಮೈನಸ್ 233 ಡಿಗ್ರಿ ಸೆಲ್ಸಿಯಸ್. ಮಿರಿಗೆ ಇದೂ ಸೆಕೆ. ಹೀಲಿಯಂ ಹರಿಸುವ ಕ್ರಯೋಕೂಲರ್ ಅದನ್ನು 7 ಕೆಲ್ವಿನ್‌ಗಿಂತ ಕೆಳಕ್ಕೆ ಇಳಿಸುತ್ತದೆ.

ಈ ಚಳಿಯಲ್ಲಿ ಚಿಪ್ ಕೆಲಸ ಮಾಡಬೇಕು ಅಂದರೆ ಏನು ಅಂತ ಯೋಚಿಸುವಾಗೆಲ್ಲ ನನಗೆ ರೋಮಾಂಚನವಾಗುತ್ತದೆ. ಸೈನ್ಯಕ್ಕೆಂದು ಮಾಡಿದ ಗಟ್ಟಿ ಚಿಪ್‌ಗಳ ಮಾಹಿತಿ ಹಾಳೆಯಲ್ಲಿ ಸಾಮಾನ್ಯವಾಗಿ ಮೈನಸ್ 55 ಡಿಗ್ರಿಯ ತನಕ ಭರವಸೆ ಇರುತ್ತದೆ. ಅದರಾಚೆ ಏನಾಗುತ್ತದೆ ಅಂತ ತಯಾರಕರು ಹೇಳುವುದಿಲ್ಲ. ವಿನ್ಯಾಸಕಾರರ ಕೆಲಸ ಶುರುವಾಗುವುದೇ ಆ ಹಾಳೆ ಮುಗಿದ ಮೇಲೆ. ಸಿಲಿಕಾನ್‌ನಲ್ಲಿ ಕರೆಂಟ್ ಹರಿಯಲೆಂದು ರಂಜಕದಂಥ ಪರಮಾಣುಗಳನ್ನು ಬೆರೆಸಿರುತ್ತಾರಲ್ಲ, ಕೋಣೆಯ ಬಿಸಿಯಲ್ಲಿ ಅವು ತಮ್ಮ ಇಲೆಕ್ಟ್ರಾನುಗಳನ್ನು ಧಾರಾಳವಾಗಿ ಬಿಟ್ಟುಕೊಡುತ್ತವೆ. ಚಳಿ ಹೆಚ್ಚಿದಂತೆ ಜಿಪುಣರಾಗುತ್ತವೆ, 30-40 ಕೆಲ್ವಿನ್‌ಗಿಂತ ಕೆಳಗೆ ಬಿಗಿಯಾಗಿ ಹಿಡಿದುಕೊಂಡುಬಿಡುತ್ತವೆ. ಹಳೆಯ ರೀತಿಯ ಬೈಪೋಲಾರ್ ಟ್ರಾನ್ಸಿಸ್ಟರು ಇಂಥ ಚಳಿಯಲ್ಲಿ ಸೊರಗಿಹೋಗುತ್ತದೆ. ಮಾಸ್ ಟ್ರಾನ್ಸಿಸ್ಟರ್ ಬದುಕುತ್ತದೆ, ಏಕೆಂದರೆ ಅದರಲ್ಲಿ ಕರೆಂಟಿನ ದಾರಿ ತೆರೆಯುವುದು ಬಿಸಿಯಲ್ಲ, ಮೇಲಿನ ಗೇಟಿನ ವಿದ್ಯುತ್ ಕ್ಷೇತ್ರ. ಆದರೆ ಅದರ ಸ್ವಭಾವವೂ ಬದಲಾಗುತ್ತದೆ. ಎಲ್ಲಿ ತೆರೆದುಕೊಳ್ಳಬೇಕೋ ಅಲ್ಲಿ ತೆರೆಯುವುದಿಲ್ಲ, ನೇರವಾಗಿ ಏರಬೇಕಾದ ಕರೆಂಟ್ ನಡುವೆ ಗೂನು ಬೆನ್ನಾಗುತ್ತದೆ. ಕೋಣೆಯಲ್ಲಿ ಚೆನ್ನಾಗಿ ಓಡಿದ್ದು ಅಲ್ಲಿ ಓಡುತ್ತದೆ ಅನ್ನಲು ಆಧಾರವಿಲ್ಲ. ಅಷ್ಟೇ ಚಳಿಯಲ್ಲಿಟ್ಟು ಅಳೆದು ನೋಡಬೇಕು, ಬೇರೆ ದಾರಿ ಇಲ್ಲ.

ಚಿಪ್‌ಗಳನ್ನೆಲ್ಲ ಬೆಚ್ಚಗಿನ ಕಡೆ ಇಟ್ಟು ಡಿಟೆಕ್ಟರಿನಿಂದ ಉದ್ದ ತಂತಿ ಎಳೆದರಾಗದೇ ಎಂದು ಕೇಳಬಹುದು. ವೆಬ್‌ನ ಸಮೀಪ ಅವಕೆಂಪು ಡಿಟೆಕ್ಟರಿನಲ್ಲಿ ಒಂದು ಇಲೆಕ್ಟ್ರಾನ್ ಪಿಕ್ಸೆಲ್ಲಿಗೆ ಬಂದು ಸೇರಿದರೆ ಅಲ್ಲಿನ ವೋಲ್ಟೇಜ್ ಬದಲಾಗುವುದು ಒಂದು ವೋಲ್ಟಿನ ದಶಲಕ್ಷದ ಕೆಲವೇ ಭಾಗಗಳಷ್ಟು. ಅಂಥದ್ದನ್ನು ಮೀಟರುಗಟ್ಟಲೆ ತಂತಿಯಲ್ಲಿ ಒಯ್ದರೆ ದಾರಿಯುದ್ದಕ್ಕೂ ಬೇರೆ ಸದ್ದು ಸೇರಿಕೊಳ್ಳುತ್ತದೆ. ಜೊತೆಗೆ ತಾಮ್ರದ ತಂತಿ ವಿದ್ಯುತ್ತನ್ನು ಎಷ್ಟು ಚೆನ್ನಾಗಿ ಒಯ್ಯುತ್ತದೋ ಶಾಖವನ್ನೂ ಅಷ್ಟೇ ಚೆನ್ನಾಗಿ ಒಯ್ಯುತ್ತದೆ. ಬೆಚ್ಚಗಿನ ಕಡೆಯಿಂದ ಎಳೆದ ಪ್ರತಿ ತಂತಿಯೂ ಬಿಸಿ ಒಳನುಗ್ಗುವ ದಾರಿ. ಆದ್ದರಿಂದ ಸೈಡ್‌ಕಾರ್ ಎಂಬ ಚಿಪ್ಪೊಂದನ್ನು ರೂಪಿಸಿದರು. ಒಂದು ಪೆಟ್ಟಿಗೆ ತುಂಬುವಷ್ಟು ಇಲೆಕ್ಟ್ರಾನಿಕ್ಸ್ ಅದೊಂದರಲ್ಲೇ ಅಡಗಿದೆ. ಡಿಟೆಕ್ಟರಿನ ನೆರೆಯಲ್ಲೇ, ಅದೇ ಕಡುಚಳಿಯಲ್ಲಿ ಕೂತು, ಸಂಕೇತವನ್ನು ಅಲ್ಲೇ ಅಂಕಿಗಳಾಗಿ ಬದಲಿಸಿ ಕಳಿಸುತ್ತದೆ. ಅಂಕಿಯಾದ ಮೇಲೆ ದಾರಿಯ ಸದ್ದಿಗೆ ಹೆದರಬೇಕಿಲ್ಲ. ಇಷ್ಟಕ್ಕೆ ಅದು ಬಳಸುವ ವಿದ್ಯುತ್ತು ಹತ್ತು ಹನ್ನೆರಡು ಮಿಲಿವಾಟ್. ಇಂಡಿಕೇಟರಿನಲ್ಲಿ ಉರಿಯುವ ಒಂದು ಪುಟ್ಟ ಎಲ್‌ಇಡಿ ಇದಕ್ಕಿಂತ ಹೆಚ್ಚು ತಿನ್ನುವುದುಂಟು.

ಎಲ್ಲವನ್ನೂ ಚಳಿಯಲ್ಲಿಡಲು ಆಗಲಿಲ್ಲ. ಕೆಲವು ಇಲೆಕ್ಟ್ರಾನಿಕ್ಸ್ ಕೋಣೆಯ ಬಿಸಿಯಲ್ಲೇ ಇರಬೇಕು, ಉಪಕರಣಗಳ ಹತ್ತಿರವೂ ಇರಬೇಕು. ಅದಕ್ಕಾಗಿ ಮರೆಯ ಚಳಿಯ ಬದಿಯಲ್ಲೇ, ಕನ್ನಡಿಯ ಬೆನ್ನಿಗೆ, ಒಂದು ಬೆಚ್ಚನೆಯ ಗೂಡಿದೆ. ಅದರಿಂದ ಹೊರಡುವ ಸುಮಾರು 200 ವಾಟ್ ಶಾಖದಲ್ಲಿ ಚೂರೂ ಕನ್ನಡಿಯತ್ತ ತಿರುಗಬಾರದು. ಗೂಡಿನ ಮೈಗೆ ಜೋಡಿಸಿದ ಹಾಳೆಗಳು ಅದನ್ನೆಲ್ಲ ಒಂದೇ ದಿಕ್ಕಿಗೆ, ಖಾಲಿ ಆಕಾಶಕ್ಕೆ ತಿರುಗಿಸುತ್ತವೆ. ಏಳು ಕೆಲ್ವಿನ್ನಿನ ಡಿಟೆಕ್ಟರಿನಿಂದ ಕೆಲವೇ ಮೀಟರ್ ಆಚೆ ನಮ್ಮ ಮನೆಯಷ್ಟು ಬೆಚ್ಚಗಿನ ಕೋಣೆ, ಎರಡೂ ಒಂದನ್ನೊಂದು ಅರಿಯದೆ ಬಾಳುತ್ತಿವೆ.

ಬಾಹ್ಯಾಕಾಶದ ಇಲೆಕ್ಟ್ರಾನಿಕ್ಸ್ ಗಟ್ಟಿಮುಟ್ಟಾಗಿರಬೇಕು ಅಂದಾಗ ನಮ್ಮ ಮನಸ್ಸಿಗೆ ಬರುವುದು ದಪ್ಪ ಲೋಹದ ಕವಚ. ಅಂಥದ್ದೂ ಇದೆ. ಗುರುಗ್ರಹವನ್ನು 2016ರಲ್ಲಿ ತಲುಪಿದ ಜುನೋ ನೌಕೆಯ ಮಿದುಳೆಲ್ಲ ಒಂದು ಸೆಂಟಿಮೀಟರ್ ದಪ್ಪದ ಟೈಟೇನಿಯಂ ಪೆಟ್ಟಿಗೆಯೊಳಗಿದೆ. ಗುರುವಿನ ಸುತ್ತ ಸುಳಿಯುವ ಕಣಗಳ ಏಟು ಅಷ್ಟು ಜೋರು. ಆ ಏಟನ್ನು ತಿನ್ನುತ್ತಲೇ ಇಟಲಿಯವರು ಮಾಡಿದ ಜಿರಾಮ್ ಎಂಬ ಅವಕೆಂಪು ಕ್ಯಾಮೆರಾ ಗುರುವಿನ ಧ್ರುವಗಳ ಕತ್ತಲೆಯನ್ನು ನೋಡಿತು. ಉತ್ತರದಲ್ಲಿ ಒಂದು ಚಂಡಮಾರುತದ ಸುತ್ತ ಎಂಟು, ದಕ್ಷಿಣದಲ್ಲಿ ಒಂದರ ಸುತ್ತ ಐದು. ಒಂದನ್ನೊಂದು ನುಂಗದೆ ಉಂಗುರ ಕಟ್ಟಿ ನಿಂತ ಬಿರುಗಾಳಿಗಳು. ಸೂರ್ಯನ ಬೆಳಕು ತಲುಪದ ಕಡೆಯೂ ಅವು ಕಂಡದ್ದು ಗುರುವಿನ ಒಡಲ ಬಿಸಿಯಿಂದ.

ಆದರೆ ವೆಬ್‌ನ ಬಿಲ್ಲೆಯೊಳಗೆ ಇಣುಕಿದರೆ ಬೇರೊಂದು ಬಗೆಯ ಗಟ್ಟಿತನ ಕಾಣುತ್ತದೆ. ಬೆಳಕು ಹಿಡಿಯುವ ಹರಳು ಮೇಲೆ, ಅದನ್ನು ಓದುವ ಸಿಲಿಕಾನ್ ಚಿಪ್ ಕೆಳಗೆ. ನಡುವೆ ಪ್ರತಿ ಪಿಕ್ಸೆಲ್ಲಿಗೂ ಒಂದು ಇಂಡಿಯಂ ಲೋಹದ ಬೊಟ್ಟು. ನಮ್ಮ ಅಂಗಳಗಳಲ್ಲಿ ಚುಕ್ಕಿ ರಂಗೋಲಿ ಹಾಕುವಾಗ ಸಾಲು ತಪ್ಪದಂತೆ ಚುಕ್ಕಿ ಇಡುತ್ತಾರಲ್ಲ, ಹಾಗೆ 2048 ಸಾಲು, ಸಾಲಿಗೆ 2048 ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ 18 ಮೈಕ್ರಾನ್. ಎರಡು ಬಿಲ್ಲೆಗಳನ್ನು ಎದುರುಬದುರು ಹಿಡಿದು ಒತ್ತಿದಾಗ ನಲವತ್ತೊಂದು ಲಕ್ಷಕ್ಕೂ ಮೀರಿದ ಈ ಚುಕ್ಕಿಗಳು ಒಂದಕ್ಕೊಂದು ಕೂಡಬೇಕು. ಒಂದೊಂದರ ಮೂಲಕವೂ ಒಂದೊಂದು ಪಿಕ್ಸೆಲ್ಲಿನ ಇಲೆಕ್ಟ್ರಾನುಗಳು ಕೆಳಗಿಳಿಯಬೇಕು.

ಇಂಡಿಯಂ ಯಾಕೆ? ಅದು ಮೆತ್ತಗಿರುವುದರಿಂದ. ಉಗುರಿನಿಂದ ಗೀರಬಹುದಾದಷ್ಟು ಮೆತ್ತಗೆ. ಕೋಣೆಯ ಬಿಸಿಯಿಂದ 40 ಕೆಲ್ವಿನ್‌ಗೆ ಇಳಿದಾಗ ಹರಳೂ ಕುಗ್ಗುತ್ತದೆ, ಸಿಲಿಕಾನೂ ಕುಗ್ಗುತ್ತದೆ, ಆದರೆ ಎರಡರ ಕುಗ್ಗುವಿಕೆ ಒಂದೇ ಅಳತೆಯದಲ್ಲ. ನಡುವೆ ಗಡುಸಾದ ಲೋಹವಿದ್ದರೆ ಬಿಲ್ಲೆಯ ಅಂಚಿನ ಬೆಸುಗೆಗಳು ಸೀಳುತ್ತವೆ, ಇಲ್ಲವೇ ಹರಳೇ ಬಿರಿಯುತ್ತದೆ. ಇಂಡಿಯಂ ಆ ಚಳಿಯಲ್ಲೂ ಮೆತ್ತಗೇ ಉಳಿಯುತ್ತದೆ. ಎರಡೂ ಕಡೆಯ ಎಳೆತಕ್ಕೆ ಬಾಗುತ್ತದೆ, ಮತ್ತೆ ಬಾಗುತ್ತದೆ, ಬಿಡುವುದಿಲ್ಲ. ಇಡೀ ಯಂತ್ರದ ಅತಿ ಕಠಿಣ ಜಾಗದಲ್ಲಿ ಅತಿ ಮೃದುವಾದ ಲೋಹವನ್ನು ತಂದು ಕೂರಿಸಿದ ಆ ಆಯ್ಕೆಯ ಎದುರು ನಾನು ಎಷ್ಟೋ ಸಲ ಸುಮ್ಮನೆ ನಿಂತಿದ್ದೇನೆ.

ಆ ಮೃದುತ್ವಕ್ಕೂ ಒಂದು ಬೆಲೆ ತೆರಬೇಕಾಗಿ ಬಂತು. 2010ರಲ್ಲಿ ವೆಬ್ ತಂಡದವರು ತಮ್ಮ ಕೆಲವು ಡಿಟೆಕ್ಟರುಗಳು ಹಾಳಾಗುತ್ತಿರುವುದನ್ನು ಗಮನಿಸಿದರು. ಉಡಾವಣೆಯ ನಡುಕದಲ್ಲಲ್ಲ, ವಿಕಿರಣದ ಏಟಿನಿಂದಲೂ ಅಲ್ಲ. ಯಾರೂ ಮುಟ್ಟದೆ, ಕೋಣೆಯ ಬಿಸಿಯಲ್ಲಿ, ಕಪಾಟಿನಲ್ಲಿ ಕೂತಿದ್ದಾಗ. ತನಿಖೆಯಲ್ಲಿ ಹೊರಬಿದ್ದ ಕಾರಣ ಇದು: ಇಂಡಿಯಂ ಬೊಟ್ಟು ಹರಳನ್ನು ತಾಕುವ ಕಡೆ ಚಿನ್ನದ ಒಂದು ತೆಳು ಪದರವಿರುತ್ತದೆ. ಎರಡನ್ನೂ ಬೇರೆ ಇಡಬೇಕಾದ ತಡೆಯ ವಿನ್ಯಾಸದಲ್ಲಿ ಲೋಪವಿತ್ತು. ಇಂಡಿಯಂ ಮೆಲ್ಲನೆ ಚಿನ್ನದೊಳಗೆ ಬೆರೆತು, ಅಲ್ಲಿಂದ ಹರಳಿನೊಳಕ್ಕೆ ಜಿನುಗುತ್ತಿತ್ತು. ಜಿನುಗಿದ ಕಡೆ ಪಿಕ್ಸೆಲ್ ಕೆಡುತ್ತಿತ್ತು. ಆ ಲೋಪವಿಲ್ಲದ ಸುಧಾರಿತ ವಿನ್ಯಾಸ ಅದೃಷ್ಟಕ್ಕೆ ಸಿದ್ಧವಿತ್ತು. 2012ರ ಆರಂಭದಲ್ಲಿ ಅದು ಹಾರಲು ಯೋಗ್ಯ ಎಂದು ಒಪ್ಪಿಗೆ ಪಡೆಯಿತು, ಹೊಸ ಡಿಟೆಕ್ಟರುಗಳ ತಯಾರಿ ಶುರುವಾಯಿತು. ಹಳೆಯ ಬಿಡಿ ಡಿಟೆಕ್ಟರುಗಳ ಕೆಡುಕು ಹೆಚ್ಚದಿರಲಿ ಎಂದು ಅವುಗಳನ್ನು ಕಡುಚಳಿಯಲ್ಲಿಟ್ಟು ಕಾಪಾಡಿದರು.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಎರಡು ಸಂಗತಿ. ಒಂದು, ನಮಗೆ ಹಿತವಾದ ಈ ಬಿಸಿಯೇ ಆ ಕಣ್ಣಿಗೆ ರೋಗವಾಗಿತ್ತು ಎಂಬುದು. ಅದು ನೆಮ್ಮದಿಯಿಂದ ಇರುವುದು ನಮಗೆ ಸಾವು ಎನಿಸುವ ಚಳಿಯಲ್ಲಿ. ಇನ್ನೊಂದು, ತನಿಖೆಯ ವರದಿಗಳ ಸಾರಾಂಶವನ್ನು ಅವರು ಮುಚ್ಚಿಡದೆ ಅದೇ 2012ರಲ್ಲಿ ಒಂದು ಭೌತವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು ಎಂಬುದು. ಕೋಟಿಗಟ್ಟಲೆ ಡಾಲರಿನ ಯೋಜನೆ, ಎಲ್ಲರ ಕಣ್ಣೂ ಅದರ ಮೇಲೆ. ಅಂಥ ಹೊತ್ತಿನಲ್ಲಿ ಹೀಗೆ ಕೆಟ್ಟಿತು, ಹೀಗೆ ಕಂಡುಕೊಂಡೆವು, ಹೀಗೆ ಸರಿಪಡಿಸಿದೆವು ಎಂದು ಬರೆದಿಟ್ಟ ಆ ಪುಟಗಳು ಯಾವ ಗೆಲಾಕ್ಸಿಯ ಚಿತ್ರಕ್ಕೂ ಕಡಿಮೆಯವಲ್ಲ ಎಂದು ನಾನು ನಂಬಿದ್ದೇನೆ.

ವೆಬ್ ಇರುವ ದೂರಕ್ಕೆ ರಿಪೇರಿ ಮಾಡುವ ಕೈ ಹೋಗಲಾರದು. ಹಬಲ್ ದೂರದರ್ಶಕಕ್ಕೆ ಆ ಭಾಗ್ಯವಿತ್ತು. 2007ರ ಜನವರಿಯಲ್ಲಿ ಅದರ ಮುಖ್ಯ ಕ್ಯಾಮೆರಾದ ಇಲೆಕ್ಟ್ರಾನಿಕ್ಸ್ ಸುಟ್ಟುಹೋದಾಗ, 2009ರ ಮೇ ತಿಂಗಳಲ್ಲಿ ಜಾನ್ ಗ್ರನ್ಸ್‌ಫೆಲ್ಡ್ ಮತ್ತು ಆಂಡ್ರ್ಯೂ ಫ್ಯೂಸ್ಟೆಲ್ ದಪ್ಪ ಕೈಗವಸು ತೊಟ್ಟು 32 ತಿರುಪುಗಳನ್ನು ಬಿಚ್ಚಿ ಹಳೆಯ ಬೋರ್ಡುಗಳನ್ನು ಕಿತ್ತು ಹೊಸದನ್ನು ಕೂರಿಸಿದರು. ಹೊಸದರಲ್ಲಿದ್ದದ್ದು ವೆಬ್‌ಗೆಂದು ಬೆಳೆಸಿದ ಅದೇ ಸೈಡ್‌ಕಾರ್ ಕುಲದ ಚಿಪ್. ಮನುಷ್ಯರ ಕೈ ಎಂದೂ ತಲುಪದ ಕಡೆ ಹೋಗುವ ಚಿಪ್, ಮನುಷ್ಯರ ಕೈ ತಲುಪಿದ ದೂರದರ್ಶಕದಲ್ಲಿ ಮೊದಲು ಕೆಲಸ ಕಲಿಯಿತು.

ಕಂಪನದ ಮೇಜಿನ ಪರೀಕ್ಷೆ, ನಿರ್ವಾತದಲ್ಲಿ ಗಾಳಿಯ ತಂಪು ಸಿಗದ್ದಕ್ಕೆ ಶಾಖವನ್ನು ಲೋಹದ ಮೂಲಕವೇ ಇಳಿಸುವುದು, ಶುದ್ಧ ತವರದಲ್ಲಿ ತಾನಾಗಿ ಮೀಸೆಯಂಥ ಎಳೆಗಳು ಬೆಳೆದು ಶಾರ್ಟ್ ಮಾಡುವ ಕಾಟಕ್ಕೆ ಇಂದಿಗೂ ಸೀಸ ಬೆರೆತ ಬೆಸುಗೆಯನ್ನೇ ನೆಚ್ಚಿಕೊಂಡಿರುವುದು, ಇವೆಲ್ಲ ಬಾಹ್ಯಾಕಾಶದ ಯಾವ ಇಲೆಕ್ಟ್ರಾನಿಕ್ಸ್‌ಗೂ ಇರುವ ಪಾಡು. ಅವಕೆಂಪು ಕಣ್ಣಿಗೆ ಅದರದೇ ಆದ ಪಾಡು ತನ್ನ ಸದ್ದನ್ನು ತಾನು ತಿಳಿದಿರುವುದು.

ಹರ್ಷೆಲ್‌ನ ಥರ್ಮಾಮೀಟರ್ ಜೋಡಿಯ ವಂಶ ಇಲ್ಲಿದೆ. ವೆಬ್‌ನ ಆ ಡಿಟೆಕ್ಟರಿನ ನಾಲ್ಕೂ ಅಂಚಿನಲ್ಲಿ ನಾಲ್ಕು ನಾಲ್ಕು ಸಾಲು ಪಿಕ್ಸೆಲ್ಲುಗಳಿಗೆ ಬೆಳಕು ಕಾಣುವುದಿಲ್ಲ. ಹೀಗಾಗಿ ನಿಜವಾಗಿ ನೋಡುವವು ಸಾಲಿಗೆ 2040 ಮಾತ್ರ. ಅಂಚಿನವು ಉಳಿದವುಗಳಂತೆಯೇ ಓದಿಸಿಕೊಳ್ಳುತ್ತವೆ, ಅದೇ ವೋಲ್ಟೇಜಿನ ಏರಿಳಿತ ಅನುಭವಿಸುತ್ತವೆ, ಅದೇ ಚಳಿಯ ಸಣ್ಣ ಹೊಯ್ದಾಟಕ್ಕೆ ಸಿಗುತ್ತವೆ, ಆದರೆ ಆಕಾಶವನ್ನು ಎಂದೂ ಕಾಣುವುದಿಲ್ಲ. ಅವು ಹೇಳಿದ್ದನ್ನು ಉಳಿದವು ಹೇಳಿದ್ದರಿಂದ ಕಳೆದರೆ ಯಂತ್ರದ ಸ್ವಂತ ಮಾತು ಹೋಗಿ ಆಕಾಶದ ಮಾತು ಉಳಿಯುತ್ತದೆ. ಕಣ್ಣಿನ ಸುತ್ತ ಕುರುಡಿನ ಒಂದು ಅಂಚು ಕಟ್ಟಿ, ಆ ಕುರುಡನ್ನೇ ಸಾಕ್ಷಿಯಾಗಿ ಕೂರಿಸಿದ ವಿನ್ಯಾಸ ಇದು.

ಓದುವ ಕ್ರಮವೂ ಅಷ್ಟೇ ಸೊಗಸು. ಸಾಮಾನ್ಯ ಕ್ಯಾಮೆರಾ ಒಂದು ಸಲ ಓದಿದರೆ ಪಿಕ್ಸೆಲ್ ಖಾಲಿಯಾಗುತ್ತದೆ. ಇಲ್ಲಿ ಕೂಡಿದ ಇಲೆಕ್ಟ್ರಾನುಗಳನ್ನು ಮುಟ್ಟದೆ ಎಷ್ಟಿವೆ ಅಂತ ನೋಡಬಹುದು, ಮತ್ತೆ ನೋಡಬಹುದು. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಮತ್ತೆ ಮತ್ತೆ ನೋಡುತ್ತ ಹೋದರೆ ಎಣಿಕೆ ಒಂದು ಏರು ದಾರಿಯಂತೆ ಮೇಲೇರುತ್ತದೆ. ನಡುವೆ ಎಲ್ಲಿಂದಲೋ ಬಂದ ವಿಶ್ವಕಿರಣವೊಂದು ಪಿಕ್ಸೆಲ್ಲನ್ನು ಚುಚ್ಚಿ ಹೋದರೆ ಆ ದಾರಿಯಲ್ಲಿ ಒಮ್ಮೆಲೇ ಒಂದು ಮೆಟ್ಟಿಲು. ಮೆಟ್ಟಿಲನ್ನು ಗುರುತಿಸಿ ಬದಿಗಿಟ್ಟರೆ ಹಿಂದು ಮುಂದಿನ ಏರು ನಿಜವನ್ನೇ ಹೇಳುತ್ತದೆ. ಏಟನ್ನು ತಡೆಯಲು ಆಗದ ಕಡೆ, ಏಟಿನ ಗುರುತನ್ನು ಓದುವ ಉಪಾಯ.

ಇಷ್ಟೆಲ್ಲ ಎಚ್ಚರಿಕೆ ಯಾಕೆ ಬೇಕು ಅನ್ನುವುದಕ್ಕೆ 1983ರ ಒಂದು ಘಟನೆ ಸಾಕು. ಆ ವರ್ಷ ಹಾರಿದ ಐರಾಸ್ ಉಪಗ್ರಹದಲ್ಲಿ 62 ಅವಕೆಂಪು ಡಿಟೆಕ್ಟರುಗಳಿದ್ದವು. ಅವುಗಳ ಅಳತೆಯನ್ನು ಸರಿಹೊಂದಿಸಲು ಅಭಿಜಿತ್ ನಕ್ಷತ್ರದತ್ತ ತಿರುಗಿಸಿದರು. ಎಲ್ಲರಿಗೂ ಚೆನ್ನಾಗಿ ಪರಿಚಿತವಾದ, ನೆಚ್ಚಬಹುದಾದ ನಕ್ಷತ್ರ. ಆದರೆ ಉದ್ದದ ತರಂಗಗಳಲ್ಲಿ ಅದು ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಬೆಳಗಿತು. ಇಂಥ ಹೊತ್ತಿನಲ್ಲಿ ಯಾರಾದರೂ ಮೊದಲು ಅನುಮಾನಿಸುವುದು ಯಂತ್ರವನ್ನು. ಯಂತ್ರ ಸರಿಯಿತ್ತು. ಅಭಿಜಿತ್‌ನ ಸುತ್ತ ತಂಪಾದ ದೂಳಿನ ಬಳಗವೊಂದಿತ್ತು. ಇನ್ನೊಂದು ಸೂರ್ಯನ ಸುತ್ತ ಗ್ರಹಗಳ ಕಚ್ಚಾವಸ್ತು ಇರಬಹುದೆಂಬ ಸುಳಿವು ನಮಗೆ ಸಿಕ್ಕಿದ್ದು ಹೀಗೆ, ಯಂತ್ರದ ಮೌನವನ್ನು ನಂಬಬಹುದಾಗಿದ್ದರಿಂದ.

2003ರಲ್ಲಿ ಹಾರಿದ ಸ್ಪಿಟ್ಜರ್ ದೂರದರ್ಶಕದ ಆಯಸ್ಸು ನೆನೆದರೆ ಮನಸ್ಸು ತುಂಬಿಬರುತ್ತದೆ. ಇಡೀ ದೂರದರ್ಶಕವನ್ನು ಹೀಲಿಯಂ ಹಂಡೆಯೊಳಗೆ ಕೂರಿಸಿ ಕಳಿಸುವ ಬದಲು, ಬಿಸಿಯಾಗಿಯೇ ಹಾರಿಸಿ ಬಾಹ್ಯಾಕಾಶದ ಚಳಿಯೇ ಅದನ್ನು ತಣಿಸಲಿ, ಹೀಲಿಯಂ ಉಳಿದದ್ದಕ್ಕೆ ಸಾಕು ಎಂದು ಸೂಚಿಸಿದವರು ಫ್ರಾಂಕ್ ಲೋ. 1961ರಲ್ಲಿ ಜರ್ಮೇನಿಯಂ ಬೋಲೋಮೀಟರ್ ಮಾಡಿ ಅವಕೆಂಪು ಖಗೋಳ ವಿಜ್ಞಾನಕ್ಕೆ ಹೊಸ ಕಣ್ಣು ಕೊಟ್ಟವರು ಅವರೇ. 2009ರ ಮೇನಲ್ಲಿ ಸ್ಪಿಟ್ಜರ್‌ನ ಹೀಲಿಯಂ ಮುಗಿಯಿತು. ಉಷ್ಣತೆ 28 ಕೆಲ್ವಿನ್ ಆಸುಪಾಸಿಗೆ ಏರಿ ಅಲ್ಲಿ ನಿಂತಿತು. ಉದ್ದ ತರಂಗದ ಡಿಟೆಕ್ಟರುಗಳು ಕುರುಡಾದವು, ಆದರೆ 3.6 ಮತ್ತು 4.5 ಮೈಕ್ರಾನಿನ ಎರಡು ಡಿಟೆಕ್ಟರುಗಳು ಆ ಬಿಸಿಯಲ್ಲೂ ನೋಡುತ್ತಲೇ ಹೋದವು, 2020ರ ಜನವರಿಯ ತನಕ. 2017ರಲ್ಲಿ ಪ್ರಕಟವಾದ, ಕುಂಭ ರಾಶಿಯತ್ತ ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ನಕ್ಷತ್ರದ ಏಳು ಗ್ರಹಗಳ ಲೆಕ್ಕ ಸಿಕ್ಕಿದ್ದು ಬಹುಮಟ್ಟಿಗೆ ಆ ಉಳಿದ ಕಣ್ಣಿನಿಂದ. ಸ್ಪಿಟ್ಜರನ್ನು ರೂಪಿಸಿದಾಗ ಅನ್ಯಗ್ರಹಗಳನ್ನು ಅಳೆಯುವುದು ಅದರ ಉದ್ದೇಶವಾಗಿರಲಿಲ್ಲ.

ಬೆಂಗಳೂರಿಗೂ ಈ ಲೋಕದ ನಂಟಿದೆ. ಇಲ್ಲಿ ಜೋಡಿಸಿದ ಚಂದ್ರಯಾನ-1ರಲ್ಲಿ ನಾಸಾದ ಎಂ-3 ಎಂಬ ಉಪಕರಣವಿತ್ತು, ಅದರ ಕಣ್ಣೂ ಇದೇ ಪಾದರಸದ ಹರಳು. 2008ರ ಕೊನೆಗೆ ಚಂದ್ರನ ಕಕ್ಷೆಯಲ್ಲಿ ನೌಕೆ ಎಣಿಸಿದ್ದಕ್ಕಿಂತ ಹೆಚ್ಚು ಕಾಯತೊಡಗಿತು. ಇಸ್ರೋದವರು ಅದನ್ನು ಒಂದಿಷ್ಟು ತಿರುಗಿಸಿ, ಕೆಲವು ಉಪಕರಣಗಳನ್ನು ಆರಿಸಿ ಕಾಪಾಡಿದರು. ಬಯಸಿದ್ದಕ್ಕಿಂತ ಬೆಚ್ಚಗಾದ ಡಿಟೆಕ್ಟರಿನಲ್ಲೇ ಎಂ-3 ತನ್ನ ಅಳತೆಯ ಒಂದು ಭಾಗವನ್ನು ಮಾಡಿತು. ಆದರೂ 3 ಮೈಕ್ರಾನ್ ಹತ್ತಿರ ಬೆಳಕು ತಗ್ಗುವ ಆ ಸಣ್ಣ ಗುಳಿ ಸಿಕ್ಕಿತು, ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು. 2009ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ಗೊತ್ತಾಯಿತು. ಆರ್ಯಭಟ ಉಪಗ್ರಹ ರೂಪುಗೊಂಡ ಪೀಣ್ಯದಲ್ಲಿ ಇಂದು ಇಸ್ರೋದ ಲಿಯೋಸ್ ಪ್ರಯೋಗಾಲಯವಿದೆ. ಉಪಗ್ರಹಗಳು ತಮ್ಮ ನಿಲುವು ತಪ್ಪದಂತೆ ಭೂಮಿಯ ಅಂಚನ್ನು ಗುರುತಿಸುವ ಅವಕೆಂಪು ಸೆನ್ಸರುಗಳು ಅಲ್ಲಿ ತಯಾರಾಗುತ್ತವೆ. ಅವು ನೋಡುವುದು 14ರಿಂದ 16 ಮೈಕ್ರಾನ್ ನಡುವಿನ, ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೊಮ್ಮಿಸುವ ಬೆಳಕನ್ನು. ಆ ಬೆಳಕಿನಲ್ಲಿ ಭೂಮಿಗೆ ಹಗಲು ರಾತ್ರಿಯಿಲ್ಲ, ಮೋಡವಿಲ್ಲ, ಕಡಲು ನೆಲದ ಭೇದವಿಲ್ಲ. ಒಂದೇ ಸಮನೆ ಬೆಳಗುವ ಒಂದು ದುಂಡು ತಟ್ಟೆ, ಅದರ ಸುತ್ತ ಕಡುಚಳಿಯ ಆಕಾಶ. ನಮ್ಮ ಭೂಮಿಯನ್ನು ಹೀಗೆ ನೋಡುವ ಕಣ್ಣುಗಳು ಪೀಣ್ಯದ ಕಾರ್ಖಾನೆಗಳ ನಡುವೆ ಹುಟ್ಟುತ್ತವೆ ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ.

ಕೊನೆಗೆ ಒಂದು ಗೆಲಾಕ್ಸಿಯ ಮಾತು. ಅದಕ್ಕೆ ಜೇಡ್ಸ್-ಜಿಎಸ್-ಜೆಡ್14-0 ಎಂಬ ಒರಟು ಹೆಸರು. ವಿಶ್ವ ಹುಟ್ಟಿ 30 ಕೋಟಿ ವರ್ಷವೂ ಆಗಿರದಿದ್ದಾಗ ಅದರಿಂದ ಹೊರಟ ಬೆಳಕು ನೇರಳಾತೀತವಾಗಿತ್ತು. ದಾರಿಯುದ್ದಕ್ಕೂ ವಿಶ್ವ ಹಿಗ್ಗುತ್ತ, ಬೆಳಕಿನ ಅಲೆ ಸುಮಾರು 15 ಪಟ್ಟು ಉದ್ದವಾಗಿ, ಅವಕೆಂಪಾಗಿ ನಮ್ಮಲ್ಲಿಗೆ ಬಂತು. 2024ರ ಜನವರಿಯಲ್ಲಿ ವೆಬ್‌ನ ನಿಯರ್‌ಸ್ಪೆಕ್ ಉಪಕರಣ ಹತ್ತಿರ ಹತ್ತಿರ ಹತ್ತು ಗಂಟೆ ಅದರ ಬೆಳಕನ್ನು ಕೂಡಿಸಿತು. ಆ ಉಪಕರಣದ ಪಿಕ್ಸೆಲ್ಲಿನಲ್ಲಿ ಬಿಸಿಯಿಂದ ತಾನಾಗಿ ಏಳುವ ಇಲೆಕ್ಟ್ರಾನ್ ನೂರು ಸೆಕೆಂಡಿಗೆ ಒಂದೂ ಇಲ್ಲ. ಬೆಳಕನ್ನು ತರಂಗಾಂತರದ ಸಾಲಿನಲ್ಲಿ ಬಿಡಿಸಿ ನೋಡಿದರೆ, 1.8 ಮೈಕ್ರಾನ್‌ಗಿಂತ ಉದ್ದದ ಕಡೆ ಗೆಲಾಕ್ಸಿ ಬೆಳಗುತ್ತದೆ. ಅದಕ್ಕಿಂತ ಗಿಡ್ಡದ ಕಡೆ ಏನೂ ಇಲ್ಲ. ನಡುವೆ ಇದ್ದ ಹೈಡ್ರೋಜನ್ ಅನಿಲ ಆ ಬೆಳಕನ್ನೆಲ್ಲ ಕುಡಿದುಬಿಟ್ಟಿದೆ. ಬೆಳಕು ಇದ್ದಕ್ಕಿದ್ದಂತೆ ಕಡಿದುಹೋಗುವ ಆ ಅಂಚು ಎಲ್ಲಿದೆ ಎಂಬುದರಿಂದಲೇ ಗೆಲಾಕ್ಸಿಯ ದೂರವನ್ನು, ವಿಶ್ವದ ಆಗಿನ ವಯಸ್ಸನ್ನು ಲೆಕ್ಕ ಹಾಕಿದರು. ಅಂದರೆ ಅಷ್ಟು ಹಿಂದಿನ ಕಾಲಕ್ಕೆ ಪುರಾವೆಯಾಗಿ ನಿಂತದ್ದು ಬೆಳಗುವ ಭಾಗವೊಂದೇ ಅಲ್ಲ, ಅದರ ಪಕ್ಕದ ಖಾಲಿ ಭಾಗವೂ. ಇಂಡಿಯಂ ಬೊಟ್ಟು ಚಿನ್ನದೊಳಗೆ ಜಿನುಗಿದ್ದರೆ, ಚಿಪ್ ಇನ್ನೊಂದಿಷ್ಟು ವಿದ್ಯುತ್ ತಿಂದು ಬಿಸಿಯಾಗಿದ್ದರೆ, ಕುರುಡು ಅಂಚಿನ ಪಿಕ್ಸೆಲ್ಲುಗಳು ತಮ್ಮ ಸಾಕ್ಷಿ ನುಡಿಯದಿದ್ದರೆ, ಆ ಖಾಲಿ ಜಾಗದಲ್ಲಿ ಯಂತ್ರದ ಸದ್ದು ತುಂಬಿರುತ್ತಿತ್ತು. ಅಲ್ಲಿ ಬೆಳಕಿಲ್ಲ ಎಂದು ಆಗ ಯಾರೂ ಹೇಳಲು ಆಗುತ್ತಿರಲಿಲ್ಲ.